ಕಪ್ಪಂಚಿನ ಲಕೋಟೆ ಮತ್ತು ತಂಗಿಯ ಮದುವೆ

ಅಂಚೆಚೀಟಿ ಕೂಡಿಸುವವರನ್ನು ಜನ ಮೆಚ್ಚುತ್ತಾರೆ. ಹಳೆ ನಾಣ್ಯ ಕೂಡಿಸುವವರ ಮನೆಗೆ ನೆಂಟರು ಮಕ್ಕಳನ್ನು ಕರೆದುಕೊಂಡು ಬಂದು ತೋರಿಸುತ್ತಾರೆ. ನಾನು ಕೂಡಿಸುತ್ತಿದ್ದದ್ದು ತೀರಿಕೊಂಡ ರಾಜರಾಣಿಯರ ಶ್ರದ್ಧಾಂಜಲಿ ಸಭೆಗಳಲ್ಲಿ ಹಂಚಿದ ಅಚ್ಚಿನ ಕಾಗದಗಳನ್ನು. ಇದನ್ನು ಹೇಳಿದೊಡನೆ ಎದುರಿಗಿದ್ದವರ ಮುಖ ಸಣ್ಣಗಾಗುತ್ತಿತ್ತು. ಮಾಟುಂಗದ ನಮ್ಮ ಚಾಳಿನಲ್ಲಿ ನನಗೆ ‘ಹೆಣದ ಕಾಗದದವನು’ ಎಂದು ಹೆಸರೇ ಬಿದ್ದಿತ್ತು. ಅದಕ್ಕೆ ಸರಿಯಾಗಿ ನನ್ನ ಕೆಲಸವೂ ಫೋರ್ಟಿನ ಒಂದು ಜೀವವಿಮಾ ಕಂಪನಿಯಲ್ಲಿ. ಹಗಲೆಲ್ಲ ಸತ್ತವರ ಫೈಲು, ರಜೆಯ ದಿನ ಸತ್ತವರ ಕಾಗದ, ಇವನಿಗೆ ಹೆಣ್ಣು ಕೊಡುವವರು ಯಾರು ಎಂದು ಅಮ್ಮ ನಲ್ಲಿಯ ಹತ್ತಿರ ನಿಂತು ಹೇಳಿಕೊಳ್ಳುತ್ತಿದ್ದಳು. ಅವಳಿಗೆ ಕೇಳಿಸಿಕೊಳ್ಳುವವರ ಕೊರತೆಯಂತೂ ಇರಲಿಲ್ಲ.

ಈ ಹುಚ್ಚು ಶುರುವಾದದ್ದು ಮಾತ್ರ ಅಮ್ಮನಿಂದಲೇ. ನಾವು ಮೈಸೂರು ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದ ಹೊಸತರಲ್ಲಿ ದೇವರ ಪಟದ ಕಟ್ಟು ಮುರಿದುಹೋಯಿತು. ಒಳ್ಳೆಯ ಮರದ ಕಟ್ಟು ನೋಡಿ ತಾ ಎಂದಳು. ಬೈಕುಲ್ಲಾದ ಹತ್ತಿರದ ಹಳೆ ಸಾಮಾನಿನ ಬಜಾರಿಗೆ ಹೋದೆ. ಇಂಗ್ಲಿಷರು ಗಂಟುಮೂಟೆ ಕಟ್ಟಿಕೊಂಡು ಹಡಗು ಹತ್ತಿದ್ದ ಕಾಲ. ಅವರ ಬಂಗಲೆಗಳ ಕುರ್ಚಿ, ಕನ್ನಡಿ, ಕುದುರೆಯ ಜೀನು ಎಲ್ಲ ಆ ಗಲ್ಲಿಗಳಲ್ಲಿ ರಾಶಿ ಬಿದ್ದಿದ್ದವು. ಒಂದು ತೇಗದ ಕಟ್ಟು ಆರಿಸಿ ತಂದು, ಮನೆಯಲ್ಲಿ ಕೂತು ಹಿಂದಿನ ರಟ್ಟು ಬಿಚ್ಚಿದರೆ ಒಳಗೆ ನಾಲ್ಕು ಪುಟದ ಒಂದು ಕಾಗದ ಮಡಿಸಿಟ್ಟಿತ್ತು. ಸುತ್ತಲೂ ಬೆರಳಗಲದ ಕಪ್ಪು ಅಂಚು. ಇಂಗ್ಲೆಂಡಿನ ಮುದಿ ರಾಣಿ ತೀರಿಕೊಂಡಾಗ ಮುಂಬಯಿಯ ಯಾವುದೋ ಇಗರ್ಜಿಯಲ್ಲಿ ನಡೆದ ಪ್ರಾರ್ಥನೆಯ ಕ್ರಮ ಅದು. ಯಾವಾಗ ಎದ್ದು ನಿಲ್ಲಬೇಕು, ಯಾವಾಗ ಮೊಣಕಾಲೂರಬೇಕು, ಯಾವ ಹಾಡು ಯಾರು ಹೇಳಬೇಕು, ಎಲ್ಲ ಬರೆದಿತ್ತು. ಕೊನೆಗೆ ಸಣ್ಣ ಅಕ್ಷರದಲ್ಲಿ, ಕುದುರೆ ಗಾಡಿಗಳು ಯಾವ ಬಾಗಿಲ ಕಡೆ ನಿಲ್ಲಬೇಕು ಎಂದೂ ಇತ್ತು. ಅರ್ಧ ಭೂಮಿ ಆಳಿದ ರಾಣಿ ಸತ್ತರೂ ಗಾಡಿ ನಿಲ್ಲಿಸುವ ತಾಪತ್ರಯ ತಪ್ಪಲಿಲ್ಲವಲ್ಲ ಎಂದು ನನಗೆ ನಗು ಬಂತು. ತಿಮ್ಮಪ್ಪ ಹೊಸ ಕಟ್ಟಿನಲ್ಲಿ ಕೂತ, ಕಾಗದ ನನ್ನ ಪಾಲಿಗೆ ಉಳಿಯಿತು.

ಆಮೇಲೆ ಬಿಡಲಾಗಲಿಲ್ಲ. ಆ ಬಜಾರಿನ ರದ್ದಿ ಅಂಗಡಿಯವರಿಗೆ ನಾನು ಗುರುತಿನವನಾದೆ. ರೇಷ್ಮೆ ಬಟ್ಟೆಯ ಮೇಲೆ ಅಚ್ಚು ಹಾಕಿದ ಶೋಕಪತ್ರ ಸಿಕ್ಕಿತು. ಒಂದು ಸಂಸ್ಥಾನದ ರಾಜರು ತೀರಿಕೊಂಡಾಗ ಹಂಚಿದ ಮರಾಠಿ ಕರಪತ್ರ ಸಿಕ್ಕಿತು. ಮಿಲ್ಲಿನ ಯಂತ್ರಗಳನ್ನು ದೊರೆಯ ಗೌರವಾರ್ಥ ಎಷ್ಟು ಹೊತ್ತು ನಿಲ್ಲಿಸಬೇಕು, ಮತ್ತೆ ಯಾವ ಪಾಳಿಯ ಭೋಂಗಾ ಕೂಗಿದಾಗ ಶುರು ಮಾಡಬೇಕು ಎಂದು ತಿಳಿಸುವ ಸೂಚನೆ ಸಿಕ್ಕಿತು. ಕನ್ನಡದ್ದೂ ಇದ್ದವು. ಯಾವುದೋ ಶಾಲೆಯ ಮೇಷ್ಟ್ರು ರಾತ್ರೋರಾತ್ರಿ ಷಟ್ಪದಿಯಲ್ಲಿ ಹೊಸೆದ ಚರಮಗೀತೆ. ಪ್ರಾಸ ಸಿಗದ ಕಡೆಯೆಲ್ಲ ‘ಹಾ’ ಎಂದು ತುಂಬಿಸಿದ್ದ ಪುಣ್ಯಾತ್ಮ. ಇವುಗಳ ಹಿಂಬದಿಯೂ ನನಗೆ ಮುಂಬದಿಯಷ್ಟೇ ಇಷ್ಟ. ಪ್ರಾರ್ಥನೆಯ ನಡುವೆ ಬೇಸರವಾದ ಮಗು ಪೆನ್ಸಿಲ್ಲಿನಲ್ಲಿ ಬರೆದ ಆನೆ ಒಂದರಲ್ಲಿದೆ. ರಾಜನಿಗಾಗಿ ಅಳಲು ಬಂದವರು ಆನೆ ಬರೆಯುವುದನ್ನು ಯಾರೂ ತಡೆಯಲಿಲ್ಲ ನೋಡಿ.

ಇಂಗ್ಲೆಂಡಿನ ದೊರೆ ತೀರಿಕೊಂಡ ವರ್ಷ ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಇಗರ್ಜಿಯ ಗೇಟಿನ ಹೊರಗೆ ನಿಂತೆ. ಹೊರಬಂದವರ ಹತ್ತಿರ ಕಾಗದ ಕೇಳಿದೆ. ಒಬ್ಬ ಮುದುಕಿ ನನ್ನನ್ನು ದೊರೆಯ ಪರಮ ಭಕ್ತನೆಂದು ತಿಳಿದು ಕಣ್ಣೊರೆಸಿಕೊಳ್ಳುತ್ತ ತನ್ನದನ್ನು ಕೊಟ್ಟಳು. ಸ್ವಾತಂತ್ರ್ಯ ಬಂದು ಇಷ್ಟು ದಿನವಾದರೂ ಗುಲಾಮಗಿರಿ ಬಿಡಲಿಲ್ಲವಾ ಎಂದು ಆಫೀಸಿನವರು ಗೇಲಿ ಮಾಡಿದರು. ಗುಲಾಮಗಿರಿಗೂ ಇದಕ್ಕೂ ಏನು ಸಂಬಂಧ? ಸಾವಿನ ಎದುರು ಮನುಷ್ಯರು ಎಷ್ಟು ಅಚ್ಚುಕಟ್ಟಾಗಿ ನಡೆದುಕೊಳ್ಳಲು ಒದ್ದಾಡುತ್ತಾರೆ ಎನ್ನುವುದು ಆ ಕಾಗದಗಳಲ್ಲಿ ಕಾಣುತ್ತಿತ್ತು. ನನಗೆ ಅದು ಬೇಕಾಗಿತ್ತು.

ಮನೆಯಲ್ಲಿ ಮಾತ್ರ ಇದು ಸಣ್ಣ ವಿಷಯವಾಗಿರಲಿಲ್ಲ. ಸಾವಿನ ಸುದ್ದಿ ಹೊತ್ತ ಕಾಗದವನ್ನು ನಮ್ಮವರು ಇಟ್ಟುಕೊಳ್ಳುವುದಿಲ್ಲ. ಓದಿದ ಕೂಡಲೇ ಹರಿದು ಹೊರಗೆ ಹಾಕಿ, ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಸುರಿದುಕೊಂಡು, ಆಮೇಲೆ ಅಳುವುದಿದ್ದರೆ ಅಳಬೇಕು. ಅಂಥ ಮನೆಯಲ್ಲಿ ನಾನು ಒಂದು ಟ್ರಂಕು ತುಂಬ ಸಾವಿನ ಕಾಗದ ತುಂಬಿಟ್ಟಿದ್ದೆ. ಅಮ್ಮ ಆ ಟ್ರಂಕನ್ನು ಖೋಲಿಯ ಒಳಗೆ ಬಿಟ್ಟುಕೊಳ್ಳಲಿಲ್ಲ. ಅದು ಹೊರಗಿನ ಗ್ಯಾಲರಿಯಲ್ಲಿ, ಚಪ್ಪಲಿಗಳ ಪಕ್ಕ ಇರುತ್ತಿತ್ತು. ಮುಟ್ಟಿದರೆ ಕೈಕಾಲು ತೊಳೆದೇ ಒಳಗೆ ಬರಬೇಕು. ಸತ್ತವರು ಇಂಗ್ಲೆಂಡಿನವರಮ್ಮ, ನಮಗೆ ಸೂತಕ ತಗಲುವುದಿಲ್ಲ ಎಂದರೆ, ಸಾವು ಯಾವ ದೇಶದ್ದಾದರೂ ಸಾವೇ ಎನ್ನುತ್ತಿದ್ದಳು.

ಇಷ್ಟು ಹೇಳಿದ ಮೇಲೆ ತಂಗಿಯ ಮದುವೆಗೆ ಬರಬೇಕು. ಅವಳಿಗೆ ಹಿಂದೆ ಎರಡು ಸಂಬಂಧ ಬಂದು, ಮಾತು ಮುಗಿಯುವ ಹಂತದಲ್ಲಿ ಮುರಿದುಬಿದ್ದಿದ್ದವು. ಮೂರನೆಯದು ಬೈಕುಲ್ಲಾದಲ್ಲಿದ್ದ ಧಾರವಾಡದ ಮನೆತನ. ಹುಡುಗನ ತಂದೆ ಮಿಲ್ಲೊಂದರ ಆಫೀಸಿನಲ್ಲಿ ಹಿರಿಯ ಗುಮಾಸ್ತರು. ಹುಡುಗ ರೈಲ್ವೆಯವನು; ಆಷಾಢ ಕಳೆಯುವಷ್ಟರಲ್ಲಿ ಅವನಿಗೆ ಉತ್ತರದ ಕಡೆ ವರ್ಗವಾಗುವುದಿತ್ತು. ಹೆಂಡತಿಯನ್ನು ಕರೆದುಕೊಂಡೇ ಹೋಗಬೇಕು ಎಂದು ಅವರ ಹಟ. ಜ್ಯೇಷ್ಠದ ಕೊನೆಯ ಮುಹೂರ್ತ ಗೊತ್ತಾಯಿತು. ಅದು ತಪ್ಪಿದರೆ ಸಂಬಂಧವೇ ತಪ್ಪುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ತಂಗಿ ಮಾತ್ರ ಏನೂ ಗೊತ್ತಿಲ್ಲದವಳ ಹಾಗೆ ಅಕ್ಕಿ ಆರಿಸುತ್ತ ಕೂತಿರುತ್ತಿದ್ದಳು.

ಇದರ ನಡುವೆ ಅಜ್ಜಿ. ಅಪ್ಪನ ತಾಯಿ ಮೈಸೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದರು. ಚೈತ್ರದಿಂದ ಹಾಸಿಗೆ ಹಿಡಿದಿದ್ದರು. ಅವರಿಗೆ ಏನಾದರೂ ಆದರೆ ನಮಗೆ ಹತ್ತು ದಿನದ ಸೂತಕ, ಮದುವೆಯ ಮಾತೇ ಇಲ್ಲ. ಆದರೆ ಸುದ್ದಿ ಕಿವಿಗೆ ಬಿದ್ದ ಮೇಲೆ ತಾನೇ ಸೂತಕ? ಅದಕ್ಕೆ ಅಪ್ಪ ಚಿಕ್ಕಪ್ಪನಿಗೆ ಹೇಳಿ ಕಳಿಸಿದ್ದರು: ಮದುವೆ ಮುಗಿಯುವವರೆಗೆ ಏನೇ ಆದರೂ ನಮಗೆ ತಿಳಿಸಬೇಡ, ಅಲ್ಲಿ ಆಗಬೇಕಾದ್ದನ್ನು ನೀನೇ ಮಾಡಿ ಮುಗಿಸು. ನಮ್ಮ ಜನರಲ್ಲಿ ಇದೇನೂ ಹೊಸತಲ್ಲ. ಮದುವೆಯ ಮನೆಗಳಲ್ಲಿ ಇಂಥ ಏರ್ಪಾಡು ಮಾಡಿಕೊಳ್ಳುತ್ತಲೇ ಇರುತ್ತಾರೆ. ಆ ದಿನದಿಂದ ಮೈಸೂರಿನ ಕಡೆಯಿಂದ ಒಂದು ಕಾರ್ಡೂ ಬರಲಿಲ್ಲ. ಸುದ್ದಿ ಇಲ್ಲ ಎಂದರೆ ಅಜ್ಜಿ ಇದ್ದಾರೆ ಎಂದೂ ಆಗಬಹುದು, ಇಲ್ಲ ಎಂದೂ ಆಗಬಹುದು. ಅಪ್ಪ ಅದರ ಬಗ್ಗೆ ಮಾತೇ ಎತ್ತುತ್ತಿರಲಿಲ್ಲ.

ಅಪ್ಪ ನಿವೃತ್ತ ಮೇಷ್ಟ್ರು. ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಓದುವ ಮನುಷ್ಯ. ಟ್ರಾಮಿನ ಟಿಕೆಟ್ಟಿನ ಹಿಂದಿನ ನಿಯಮಗಳನ್ನೂ, ಔಷಧದ ಸೀಸೆಯ ಲೇಬಲ್ಲನ್ನೂ ಬಿಟ್ಟವರಲ್ಲ. ನನ್ನ ಟ್ರಂಕಿನ ಕಾಗದಗಳನ್ನು ಮನೆಯಲ್ಲಿ ಓದಿದ್ದವರು ಅವರೊಬ್ಬರೇ. ಅಮ್ಮ ಗುಡಿಗೆ ಹೋದಾಗ ಗ್ಯಾಲರಿಯಲ್ಲಿ ಸ್ಟೂಲು ಹಾಕಿಕೊಂಡು ಓದಿ, ಅಚ್ಚಿನ ತಪ್ಪುಗಳಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಬಿಡುತ್ತಿದ್ದರು. ಅದೊಂದು ವಿಷಯಕ್ಕೆ ನನಗೂ ಅವರಿಗೂ ಜಗಳವಾಗುತ್ತಿತ್ತು.

ಈಗ ಬೆಂಗಳೂರಿನ ಮಹಾಶಯರ ಪ್ರವೇಶ. ಅವರೂ ನನ್ನ ಹಾಗೆ ಇದೇ ಹುಚ್ಚಿನವರು. ಮುಖ ನೋಡಿದವನಲ್ಲ ನಾನು, ಅಂಚೆಯಲ್ಲೇ ಸ್ನೇಹ. ನನ್ನಲ್ಲಿ ಎರಡಿದ್ದದ್ದನ್ನು ಅವರಿಗೆ ಕಳಿಸುತ್ತಿದ್ದೆ, ಅವರಲ್ಲಿ ಎರಡಿದ್ದದ್ದು ನನಗೆ ಬರುತ್ತಿತ್ತು. ನಮ್ಮ ಸೀಮೆಯ ಹಿಂದಿನ ಮಹಾರಾಜರು ತೀರಿಕೊಂಡಾಗ ಮೈಸೂರಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಯ ಕಾಗದ ನನ್ನಲ್ಲಿ ಇರಲಿಲ್ಲ. ಬಹಳ ದಿನದಿಂದ ಅವರನ್ನು ಪೀಡಿಸಿದ್ದೆ. ಕೊನೆಗೆ ಅವರಿಗೆ ಒಂದು ಹೆಚ್ಚಿನ ಪ್ರತಿ ಸಿಕ್ಕಿತು. ಜೊತೆಗೆ, ಆ ಸಭೆಗೆಂದೇ ಅಚ್ಚು ಹಾಕಿಸಿ ಉಪಯೋಗಿಸದೆ ಉಳಿದಿದ್ದ ಕಪ್ಪಂಚಿನ ಲಕೋಟೆಯೂ ಸಿಕ್ಕಿತು. ಖಾಲಿ ಲಕೋಟೆಗಿಂತ ಅಂಚೆಯ ಮುದ್ರೆ ಬಿದ್ದ ಲಕೋಟೆಗೆ ನಮ್ಮಂಥವರಲ್ಲಿ ಬೆಲೆ ಜಾಸ್ತಿ. ಅವರು ತಮಗೆ ತಿಳಿದಂತೆ ನನಗೆ ಉಪಕಾರವನ್ನೇ ಮಾಡಿದರು. ಯಾವುದೋ ಕೆಲಸಕ್ಕೆ ಮೈಸೂರಿಗೆ ಹೋದವರು, ಆ ಲಕೋಟೆಯಲ್ಲೇ ಕಾಗದ ಇಟ್ಟು, ನನ್ನ ವಿಳಾಸ ಬರೆದು, ಮೈಸೂರಿನ ಮುದ್ರೆಯೇ ಬೀಳಲಿ ಎಂದು ಅಲ್ಲಿಯ ಅಂಚೆಪೆಟ್ಟಿಗೆಗೇ ಹಾಕಿಬಿಟ್ಟರು. ಇನ್ನೊಂದು ಲಕೋಟೆಯೊಳಗೆ ಇಟ್ಟು ಕಳಿಸಬೇಕು ಎಂದು ಹೊಳೆಯದಿರುವುದು ನಮ್ಮಂಥ ಹುಚ್ಚರಿಗೆ ಮಾತ್ರ ಸಾಧ್ಯ.

ಮದುವೆಗೆ ಇನ್ನು ವಾರವೊಂದು, ಮೇಲೆ ಒಂದೆರಡು ದಿನ ಇತ್ತು. ಆ ದಿನ ಶನಿವಾರ, ಆಫೀಸು ಮಧ್ಯಾಹ್ನಕ್ಕೇ ಬಿಟ್ಟಿತು. ಲೋಕಲ್ ಇಳಿದು ಸೆಕೆಯಲ್ಲಿ ಬೇಯುತ್ತ ಚಾಳಿಗೆ ಬಂದರೆ ಮೆಟ್ಟಿಲೆಲ್ಲ ನೀರು. ನಮ್ಮ ಚಾಳಿನಲ್ಲಿ ಬೆಳಿಗ್ಗೆ ನಲ್ಲಿ ನಿಂತರೆ ಸಂಜೆಯವರೆಗೆ ಹನಿ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಯಾರು ಇಷ್ಟು ನೀರು ಚೆಲ್ಲಿದರು ಎಂದು ಬೈದುಕೊಳ್ಳುತ್ತಲೇ ಹತ್ತಿದೆ. ಚೆಲ್ಲಿದ್ದವರು ನಮ್ಮ ಮನೆಯವರೇ. ಅಮ್ಮ ಒದ್ದೆ ಸೀರೆಯಲ್ಲಿ ಹೊಸಿಲ ಹತ್ತಿರ ಕೂತಿದ್ದಳು. ತಂಗಿಯ ಕೂದಲಿನಿಂದ ನೀರು ಇಳಿಯುತ್ತಿತ್ತು. ಒಲೆ ಆರಿಸಿದ್ದರು. ಅಕ್ಕಪಕ್ಕದ ಖೋಲಿಯವರೆಲ್ಲ ಕುಡಿಯಲು ಇಟ್ಟುಕೊಂಡಿದ್ದ ನೀರನ್ನೂ ಕೊಟ್ಟು ಖಾಲಿ ಬಕೆಟ್ಟು ಹಿಡಿದು ನಿಂತಿದ್ದರು.

“ಅಜ್ಜಿ ಹೋಗ್ಬಿಟ್ರು ಕಣೋ,” ಎಂದಳು ಅಮ್ಮ.

ಅಜ್ಜಿಯ ಮುಖ ಕಣ್ಣ ಮುಂದೆ ಬಂತು, ಅದರ ಹಿಂದೆಯೇ ತಂಗಿಯ ಮದುವೆ. ಅಪ್ಪ ಗ್ಯಾಲರಿಯ ಕೊನೆಯಲ್ಲಿ ಕಟಕಟೆ ಹಿಡಿದು ರಸ್ತೆ ನೋಡುತ್ತ ನಿಂತಿದ್ದರು. ಒದ್ದೆ ಪಂಚೆ ಮೈಗೆ ಅಂಟಿತ್ತು. ಹತ್ತಿರ ಹೋಗಲು ನನಗೆ ಧೈರ್ಯವಾಗಲಿಲ್ಲ.

“ಚಿಕ್ಕಪ್ಪ ಬರೆದಿದ್ರಾ? ಏನು ಬರೆದಿದ್ರು?” ಎಂದೆ.

“ಯಾರಿಗೆ ಗೊತ್ತು? ಓದಿದ್ರೆ ತಾನೇ!” ಅಮ್ಮನ ದುಃಖದ ಒಳಗಿನಿಂದ ಸಿಟ್ಟು ಎದ್ದು ಬಂತು. “ಮೈಸೂರಿಂದ ಲಕೋಟೆ ಬಂತು. ಸುತ್ತ ಇಷ್ಟಗಲ ಕಪ್ಪು ಬಳಿದಿತ್ತು. ನಿಮ್ಮಪ್ಪ ತೆಗೆದೂ ನೋಡಲಿಲ್ಲ, ನಾಲ್ಕು ತುಂಡು ಮಾಡಿ ಕೆಳಗೆಸೆದು ಬಕೆಟ್ಟಿಗೆ ಕೈ ಹಾಕಿದ್ರು. ನಾನು ಹೇಳ್ದೆ, ಓದಿಲ್ಲ ಅಂದ್ಮೇಲೆ ಕೇಳಿದ ಹಾಗೂ ಆಗ್ಲಿಲ್ಲ, ಸೂತಕ ಎಲ್ಲಿ ಬಂತು? ಸುಮ್ನಿರೋಣ, ಮದುವೆ ಮುಗೀಲಿ ಅಂತ. ಕೇಳ್ಬೇಕಲ್ಲ! ಕಣ್ಣಿಗೆ ಕಂಡಾಯ್ತು ಅಂತಾರೆ. ನೀರು ಹುಯ್ಕೊಂಡೇಬಿಟ್ರು.”

ಕಪ್ಪು ಬಳಿದ ಲಕೋಟೆ ಎಂದಾಗ ನನಗೆ ಒಂದು ಅನುಮಾನ ಬಂತು. ನಮ್ಮ ಚಿಕ್ಕಪ್ಪ ಒಂದು ಕಾರ್ಡಿನಲ್ಲಿ ಅಡ್ಡ ಉದ್ದ ಎರಡೂ ಕಡೆ ಬರೆದು ಉಳಿತಾಯ ಮಾಡುವ ಮನುಷ್ಯ. ಅವರಿಗೆ ಕಪ್ಪಂಚಿನ ಲಕೋಟೆ ಎಲ್ಲಿಂದ ಬರಬೇಕು? “ಲಕೋಟೆ ಯಾರ ಹೆಸರಿಗೆ ಬಂದಿತ್ತಮ್ಮ?” ಎಂದೆ. ಅಮ್ಮನಿಗೆ ಗೊತ್ತಿರಲಿಲ್ಲ. ಯಾರೂ ನೋಡಿರಲಿಲ್ಲ. ಬಂದ ಹಾಗೆಯೇ ಮೆಟ್ಟಿಲಿಳಿದು ಕೆಳಗೆ ಓಡಿದೆ.

ತುಂಡುಗಳು ಮೋರಿಯ ಪಕ್ಕ, ಒಣಗಿದ ಜಾಗದಲ್ಲೇ ಬಿದ್ದಿದ್ದವು. ಒಂದನ್ನು ಎತ್ತಿ ನೋಡಿದೆ. ಮೈಸೂರಿನ ಮುದ್ರೆ, ಅದರ ಕೆಳಗೆ ನನ್ನದೇ ಹೆಸರು, ಬೆಂಗಳೂರಿನವರ ಬಾಗಿದ ಅಕ್ಷರ. ಇನ್ನೊಂದರಲ್ಲಿ ಗಂಡಭೇರುಂಡದ ಒಂದು ತಲೆ. ಮೂರನೆಯದರಲ್ಲಿ, ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಶಾಲಾ ಮಕ್ಕಳಿಂದ ಶೋಕಗೀತೆ ಎಂದಿತ್ತು. ಅಜ್ಜಿಗಾಗಿ ಶಾಲಾ ಮಕ್ಕಳು ಶೋಕಗೀತೆ ಹಾಡುವ ಸಂಭವವಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅಷ್ಟು ದಿನ ಹಂಬಲಿಸಿದ್ದ ಕಾಗದ ನಾಲ್ಕು ತುಂಡಾಗಿದೆ ಎನ್ನುವುದು ಆ ಗಳಿಗೆ ನೆನಪಿಗೂ ಬರಲಿಲ್ಲ. ಸದ್ಯ, ಬದುಕಿದೆವು ಎಂದು ಜೋರಾಗಿಯೇ ಅಂದೆ.

ಮೇಲೆ ಬಂದು ಹೇಳಿದಾಗ ಮೊದಲು ಯಾರೂ ನಂಬಲಿಲ್ಲ. ತುಂಡುಗಳನ್ನು ಹೊಸಿಲ ಆಚೆ ಜೋಡಿಸಿ ತೋರಿಸಿದೆ. ಅಮ್ಮ ಮಹಾರಾಜರ ಚಿತ್ರ ನೋಡಿದಳು, ಕೈ ಮುಗಿದಳು, ಆಮೇಲೆ ನನ್ನ ಟ್ರಂಕಿನ ಕಡೆ ತಿರುಗಿ ಇಷ್ಟು ವರ್ಷದಲ್ಲಿ ಆಡದ ಮಾತನ್ನೆಲ್ಲ ಆಡಿದಳು. ತಂಗಿ ನಗತೊಡಗಿದಳು. ನಕ್ಕು ನಕ್ಕು ನಿಲ್ಲಿಸಲಾರದೆ ಅಳತೊಡಗಿದಳು. ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿ ಅಮ್ಮ ಇದ್ದಕ್ಕಿದ್ದಂತೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಸೂತಕದ ಮನೆಯ ತಿಂಡಿ ಮದುವೆಗೆ ಆಗುವುದಿಲ್ಲವೆಂದು, ರೇಷನ್ ಸಕ್ಕರೆ ಕೂಡಿಟ್ಟು ಮಾಡಿದ್ದ ಲಾಡನ್ನೆಲ್ಲ ಆಗಲೇ ಕೆಳಗಿನ ಮಾಳಿಗೆಯ ಮಕ್ಕಳಿಗೆ ಹಂಚಿಬಿಟ್ಟಿದ್ದಳು. ಕೊಟ್ಟ ಲಾಡು ವಾಪಸ್ ಕೇಳಲಾಗುತ್ತದೆಯೇ? ಕೆಳಗಿನಿಂದ ಮಕ್ಕಳು ಇನ್ನೂ ಇದೆಯಾ ಎಂದು ಕೂಗುತ್ತಿದ್ದವು.

ಅಷ್ಟಕ್ಕೇ ಮುಗಿಯಲಿಲ್ಲ. ಪಕ್ಕದ ಖೋಲಿಯಲ್ಲಿ ಮಂಗಳೂರು ಕಡೆಯವರೊಬ್ಬರಿದ್ದರು, ಹೋಟೆಲಿನ ಮ್ಯಾನೇಜರು, ಪರೋಪಕಾರಿ. ಯಾರೂ ಹೇಳದಿದ್ದರೂ ಅವರು ಬೈಕುಲ್ಲಾಕ್ಕೆ ಹೋಗಿ ಬೀಗರಿಗೆ ಸುದ್ದಿ ಮುಟ್ಟಿಸಲು ಹೊರಟುಹೋಗಿದ್ದರು. ನಾನು ಕಾಗದದ ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಸ್ಟೇಷನ್ನಿಗೆ ಓಡಿದೆ. ಲೋಕಲ್ಲಿನ ಬಾಗಿಲಲ್ಲಿ ನಿಂತು, ಆ ಮನುಷ್ಯ ದಾರಿಯಲ್ಲಿ ಯಾರಾದರೂ ಸಿಕ್ಕಿ ಚಹಾ ಕುಡಿಯುತ್ತ ಕೂತಿರಲಿ ದೇವರೇ ಎಂದು ಬೇಡಿಕೊಂಡೆ. ದೇವರು ಕೇಳಲಿಲ್ಲ. ಬೀಗರ ಚಾಳಿನ ಬಾಗಿಲಲ್ಲೇ ಅವರು ಎದುರಾದರು.

“ಎಲ್ಲ ಹೇಳಿ ಆಯ್ತು ಮಾರಾಯ್ರೆ, ನೀವು ಎಂತಕ್ಕೆ ಬಂದದ್ದು?” ಎಂದರು, ಬಹಳ ಸಮಾಧಾನದಿಂದ.

ಒಳಗೆ ಹುಡುಗನ ತಂದೆ ಪಂಚಾಂಗ ಮುಂದಿಟ್ಟುಕೊಂಡು ಕೂತಿದ್ದರು. ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ನಾನು ಏದುಸಿರು ಬಿಡುತ್ತ ವಿಷಯ ಹೇಳಿದೆ. ಅವರು ಕರವಸ್ತ್ರ ಬಿಚ್ಚಿಸಿ, ತುಂಡುಗಳನ್ನು ನೆಲದ ಮೇಲೆ ತಾವೇ ಜೋಡಿಸಿದರು. ಮೇಲಿನಿಂದ ಕೆಳಗಿನವರೆಗೆ ತುಟಿ ಅಲುಗಿಸುತ್ತ ಓದಿದರು. ನನಗೆ ಆ ಹೊತ್ತು ಮುಗಿಯುವುದೇ ಇಲ್ಲವೇನೋ ಅನ್ನಿಸಿತು.

“ಈ ದೊರಿಗೋಳು ತೀರಿಕೊಂಡು ಭಾಳ ವರ್ಷ ಆತಲ್ರೀ?” ಎಂದರು.

“ಹೌದು. ಹತ್ತು ಹನ್ನೆರಡರ ಮೇಲೇ ಆಯ್ತು.”

“ಹಂಗಾರ ಸೂತಕ ಮುಗದದ ಬಿಡ್ರಿ,” ಎಂದರು. ಮೀಸೆ ಅಲುಗಿದ ಮೇಲೆಯೇ ಅವರು ನಗುತ್ತಿದ್ದಾರೆಂದು ನನಗೆ ತಿಳಿದದ್ದು. ಒಳಗಿನಿಂದ ಹೆಂಗಸರೂ ನಕ್ಕರು. ನನಗೆ ತಣ್ಣನೆಯ ಪಾನಕ ಬಂತು. ಒಂದೇ ಗುಟುಕಿಗೆ ಕುಡಿಯಲು ಹೋಗಿ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡೆ. ಹೊರಡುವಾಗ ಅವರು ಮೆಟ್ಟಿಲವರೆಗೆ ಬಂದು ದನಿ ತಗ್ಗಿಸಿ ಹೇಳಿದರು: “ನೋಡ್ರಿ ತಮ್ಮಾ, ನಿಮ್ಮ ಅಜ್ಜಿ ಹೆಂಗಿದ್ದಾರ ಅಂತ ಈಗ ಯಾರೂ ಕೇಳಿಕೋತ ಹೋಗಬ್ಯಾಡ್ರಿ. ತಾರು ಗೀರು ಏನೂ ಬ್ಯಾಡ. ಅಕ್ಷತಾ ಬೀಳೂ ತನಕಾ ಸುಮ್ಮ ಇರ್ರಿ. ನನಗೂ ಹುಡುಗಿ ಮನಸಿಗೆ ಬಂದಾಳ.”

ಅದು ಪ್ರೀತಿಯ ಮಾತು. ಆದರೆ ಲೋಕಲ್ಲಿನಲ್ಲಿ ವಾಪಸ್ ಬರುವಾಗ ಅದು ನನ್ನ ತಲೆಯಲ್ಲಿ ಕೊರೆಯಿತು. ಕಾಗದ ಅಜ್ಜಿಯದಲ್ಲ ಎಂದಷ್ಟೇ ಗೊತ್ತಾಗಿತ್ತು. ಅಜ್ಜಿ ಇದ್ದಾರೆ ಎಂದು ಗೊತ್ತಾಗಿರಲಿಲ್ಲ. ಬೆಳಿಗ್ಗೆ ಎಷ್ಟು ಗೊತ್ತಿತ್ತೋ ಈಗಲೂ ಅಷ್ಟೇ.

ಮನೆಗೆ ಬಂದರೆ ಅಪ್ಪ ಒಣಗಿದ ಬಟ್ಟೆ ಉಟ್ಟು, ಕೈಚೀಲಕ್ಕೆ ಒಂದು ಪಂಚೆ, ಒಂದು ಟವಲು ತುಂಬುತ್ತಿದ್ದರು. ಮೈಸೂರಿಗೆ ಹೋಗುತ್ತೇನೆ ಎಂದರು. ಅಮ್ಮ ಹೌಹಾರಿದಳು. “ಹೋಗಿ ಬರೋದ್ರಲ್ಲೇ ಮೂರ್ನಾಲ್ಕು ದಿನ. ಮದುವೆ ಮನೆ ಯಜಮಾನ್ರು ನೀವು. ಅಲ್ಲಿ ಹೋದ್ಮೇಲೆ ಆಗಬಾರದ್ದು ಆಗಿದ್ರೆ? ಇಲ್ಲಿ ಕೂತು ಗೊತ್ತಿಲ್ದೆ ಇರೋದನ್ನ ಅಲ್ಲಿಗೆ ಹೋಗಿ ಗೊತ್ತು ಮಾಡ್ಕೊಂಡು ಬರ್ತೀರಾ? ನಿಮ್ಮ ಮಗಳ ಗತಿ?”

ಅಮ್ಮನ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನಾನೂ ಬೀಗರ ಮಾತು ಹೇಳಿದೆ. ಅಪ್ಪ ಚೀಲದ ಬಾಯಿ ಕಟ್ಟುತ್ತಲೇ ಇದ್ದರು. ಆಮೇಲೆ ನಮ್ಮ ಯಾರ ಮುಖವನ್ನೂ ನೋಡದೆ ಹೇಳಿದರು.

“ಹೋದ್ರೂ ತಿಳಿಸಬೇಡ ಅಂತ ನಾನೇ ಹೇಳಿ ಕಳಿಸಿದ್ದೆ. ಹೇಳೋವಾಗ ಏನೂ ಅನ್ನಿಸಲಿಲ್ಲ, ಮಗಳ ಮದುವೆ ಅಂತ ಒಂದೇ ಇತ್ತು ತಲೇಲಿ. ಇವತ್ತು ಆ ಲಕೋಟೆ ಕೈಗೆ ಬಂತಲ್ಲ, ತೆರೆಯೋಕೆ ನನ್ನ ಕೈಲಿ ಆಗ್ಲಿಲ್ಲ. ಶಾಸ್ತ್ರ ಅಲ್ಲ ಕಣೇ ಅದು. ಹೆದರಿಕೆ. ಮಧ್ಯಾಹ್ನ ಪೂರ್ತಿ ಅಲ್ಲಿ ನಿಂತು ಒಂದೇ ಯೋಚನೆ ಮಾಡ್ದೆ, ಅಮ್ಮ ನನ್ನ ಕೇಳಿದ್ಲೋ ಏನೋ, ದೊಡ್ಡೋನು ಎಲ್ಲಿ ಅಂತ. ಈಗ ಅವಳು ಇದಾಳೆ ಅಂತೀರಿ. ಇದ್ದರೆ ನಾನು ನೋಡ್ಬೇಕು.”

ನಿರ್ಧಾರ ತಂಗಿಯದು ಎಂದು ನಮಗೆಲ್ಲ ಅನ್ನಿಸಿತ್ತು ಅಂತ ತೋರುತ್ತದೆ, ಎಲ್ಲರೂ ಅವಳ ಕಡೆಗೇ ನೋಡಿದೆವು. ಅವಳು ಎದ್ದು ಒಳಗೆ ಹೋಗಿ, ಮದುವೆಗೆಂದು ಹೊಸದಾಗಿ ಹೊಲಿಸಿದ್ದ ಅಪ್ಪನ ಅಂಗಿ ತಂದು ಚೀಲದೊಳಗೆ ಇಟ್ಟಳು. “ಹಳೇ ಅಂಗೀಲಿ ಹೋದ್ರೆ ಅಜ್ಜಿ ಬೈತಾರೆ,” ಎಂದಳು. ನಾನು ಅವಳ ಜಾಗದಲ್ಲಿದ್ದರೆ ಚೀಲವನ್ನು ಬಚ್ಚಿಡುತ್ತಿದ್ದೆ.

ಅಪ್ಪನನ್ನು ಬೋರಿಬಂದರಿನಲ್ಲಿ ಪುಣೆಯ ಗಾಡಿ ಹತ್ತಿಸಿ ಬಂದೆ. ಅವರು ಹೋದ ವಿಷಯವನ್ನು ಬೈಕುಲ್ಲಾಕ್ಕೆ ತಿಳಿಸಲಿಲ್ಲ. ಪಕ್ಕದ ಪರೋಪಕಾರಿಗೆ ಅಪ್ಪ ಅಂಧೇರಿಯ ಸ್ನೇಹಿತರ ಮನೆಯಲ್ಲಿದ್ದಾರೆ ಎಂದು ಹೇಳಿದೆವು. ಆ ದಿನಗಳನ್ನು ಹೇಗೆ ಕಳೆದೆವೋ. ಅಮ್ಮ ಮತ್ತೆ ಸಕ್ಕರೆಗಾಗಿ ಚಾಳಿನ ಮನೆಮನೆಗೂ ಹೋದಳು. ಲಾಡು ತಿಂದ ಮನೆಯವರು ಮಕ್ಕಳ ಮುಖ ನೋಡಿ, ತಮ್ಮ ರೇಷನ್ನಿನಲ್ಲೇ ಒಂದೊಂದು ಪಾಲು ಕೊಟ್ಟರು. ಉಂಡೆ ಕಟ್ಟುವಾಗ ಅವಳ ಕೈ ನಡುನಡುವೆ ನಿಂತುಬಿಡುತ್ತಿತ್ತು. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಅವನು ನಮ್ಮ ಚಾಳು ದಾಟಿ ಹೋಗುವವರೆಗೆ ಇಣುಕಿ ನೋಡುತ್ತಿದ್ದೆವು. ತಂಗಿ ಮಾತ್ರ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಒಂದು ಸಂಜೆ, ಮದುವೆ ನಡೆಯದಿದ್ದರೂ ಸೀರೆ ಉಡಬಹುದಲ್ಲ ಎಂದಳು. ನಾನು ಅಲ್ಲಿಂದ ಎದ್ದುಹೋದೆ.

ಅಪ್ಪ ಬಂದದ್ದು ಚಪ್ಪರದ ಹಿಂದಿನ ದಿನ, ಬೆಳಗಿನ ನಲ್ಲಿ ಬರುವ ಹೊತ್ತಿಗೆ. ಚಾಳಿನ ಹೆಂಗಸರೆಲ್ಲ ಕೊಡ ಹಿಡಿದು ಸಾಲಾಗಿ ನಿಂತಿದ್ದರು, ಅಮ್ಮನೂ ಅವರಲ್ಲಿದ್ದಳು. ನಾನು ಮೇಲಿನ ಗ್ಯಾಲರಿಯಿಂದ ನೋಡಿದೆ. ಗಡ್ಡ ಬೆಳೆದಿತ್ತು, ಹೊಸ ಅಂಗಿ ಇದ್ದಿಲಿನ ಪುಡಿಯಲ್ಲಿ ಕಪ್ಪಾಗಿತ್ತು. ನಾನು ನೋಡಿದ್ದು ಅವರ ತಲೆಯನ್ನು. ಕೂದಲು ಇತ್ತು. ಹಾಗಿದ್ದರೂ ಅವರ ಬಾಯಿಂದಲೇ ಕೇಳಬೇಕೆಂದು ಕೆಳಗೆ ಹೊರಟೆ. ಮೆಟ್ಟಿಲು ಇಳಿಯುವಾಗ ತಂಗಿ ನನ್ನ ಹಿಂದೆಯೇ ಬರುತ್ತಿದ್ದಳು, ನನ್ನ ಅಂಗಿಯ ತುದಿ ಅವಳ ಮುಷ್ಟಿಯಲ್ಲಿತ್ತು.

ಅಮ್ಮ ಕೊಡವನ್ನು ನಲ್ಲಿಯ ಕೆಳಗೇ ಬಿಟ್ಟು ಬಂದು ಅವರ ಎದುರು ನಿಂತಳು. ನಲ್ಲಿಯ ನೀರು ತುಂಬಿದ ಕೊಡದಿಂದ ಹೊರಚೆಲ್ಲುತ್ತಿತ್ತು, ಯಾರೂ ನಿಲ್ಲಿಸಲಿಲ್ಲ.

“ಬೈದ್ಲು,” ಎಂದರು ಅಪ್ಪ. “ಮಗಳ ಮದುವೆ ಬಿಟ್ಟು ಬಂದಿದೀಯಲ್ಲ, ನಿನಗೆ ಬುದ್ಧಿ ಯಾವಾಗ ಬರತ್ತೆ ಅಂತ ಎದ್ದು ಕೂತು ಬೈದ್ಲು. ಮೇಷ್ಟ್ರಾಗಿದ್ದೋನು, ಅಷ್ಟೂ ಗೊತ್ತಾಗಲ್ವಾ ಅಂತ. ತಮ್ಮನ ಹೆಂಡತಿ ಮಕ್ಕಳ ಮುಂದೆಲ್ಲ ಬೈದ್ಲು. ಮೊನ್ನೆ ಹೊರಡೋವರೆಗೂ ಬೈತಾನೇ ಇದ್ಲು.”

ಹೇಳುತ್ತ ಹೇಳುತ್ತ ಅವರ ಮುಖ ಅರಳಿತು. ತಂಗಿ ನನ್ನ ಅಂಗಿ ಬಿಟ್ಟು ನೆಲದ ಮೇಲೆ ಕುಸಿದು ಕೂತಳು. ಅಮ್ಮ ತುಂಬಿದ ಕೊಡವನ್ನು ನಲ್ಲಿಯಿಂದ ತೆಗೆದಳು. ಅರವತ್ತು ದಾಟಿದ ನಮ್ಮಪ್ಪ, ಇಡೀ ಚಾಳಿನ ಹೆಂಗಸರ ಎದುರು, ತಾಯಿ ಇನ್ನೂ ಏನೇನು ಬೈದಳು ಎಂದು ಒಂದೊಂದಾಗಿ ಹೇಳತೊಡಗಿದರು. ಅಷ್ಟು ಸಂತೋಷವಾಗಿ ಬೈಸಿಕೊಂಡು ಬಂದ ಮನುಷ್ಯನನ್ನು ನಾನು ಮತ್ತೆ ಎಲ್ಲಿಯೂ ನೋಡಿಲ್ಲ.